ಊಟ ಬಿಟ್ಟರೂ ಸೂಜಿ ಬಿಡಬೇಡ

ಪ್ರೀತಿಯ ಪುಟ್ಟಿಗೆ,

ಕಲಬುರಗಿಯಲ್ಲಿ ನಿನಗೆ ಎಂಜಿನಿಯರಿಂಗ್ ಸೀಟು ಸಿಕ್ಕಿದ್ದನ್ನು ನಿನ್ನ ಅಮ್ಮ ಫೋನಿನಲ್ಲಿ ಹೇಳುವಾಗ ಅವಳ ದನಿಯಲ್ಲಿ ಅರ್ಧ ಹಿಗ್ಗು, ಅರ್ಧ ಅಳು. ಸಾಗರದಿಂದ ಅಷ್ಟು ದೂರ, ಹಾಸ್ಟೆಲ್ ಊಟ, ದಿನಕ್ಕೆ ನಾಲ್ಕು ಸಲ ಇನ್ಸುಲಿನ್, ನೋಡಿಕೊಳ್ಳುವವರು ಯಾರು ಎಂಬುದು ಅವಳ ಚಿಂತೆ. ಪುಟ್ಟಿಯೇ ನೋಡಿಕೊಳ್ಳುತ್ತಾಳೆ, ಒಂಬತ್ತನೇ ವಯಸ್ಸಿನಿಂದ ನೋಡಿಕೊಂಡೇ ಬಂದಿದ್ದಾಳಲ್ಲ ಅಂದೆ. ಅಂದದ್ದು ನಿಜವೇ. ಆದರೂ ಜಿಲ್ಲಾಸ್ಪತ್ರೆಯ ಮೆಡಿಕಲ್ ವಾರ್ಡಿನಲ್ಲಿ ಸಿಸ್ಟರ್ ಆಗಿ ದುಡಿದ ಕಾಲದಲ್ಲಿ ನಿನ್ನ ವಯಸ್ಸಿನ ಎಷ್ಟೋ ಮಕ್ಕಳು ಡಯಾಬಿಟಿಕ್ ಕೀಟೋಅಸಿಡೋಸಿಸ್ ಆಗಿ ಸ್ಟ್ರೆಚರ್ ಮೇಲೆ ಬಂದದ್ದನ್ನು ಕಂಡಿದ್ದೇನೆ. ವಾರ್ಡಿನಲ್ಲಿ ನಾವದನ್ನು ಡಿಕೆಎ ಅನ್ನುತ್ತಿದ್ದೆವು. ಅವರೆಲ್ಲ ಯಾಕೆ ಬಂದರು ಎಂಬುದನ್ನು ನೀನು ಹೊರಡುವ ಮೊದಲು ತಿಳಿದಿರಬೇಕು. ಫೋನಿನಲ್ಲಿ ಹೇಳಿದರೆ "ಆಯ್ತು ದೊಡ್ಡಮ್ಮ, ಗೊತ್ತು" ಅಂದುಬಿಡುತ್ತೀ. ಕಾಗದವಾದರೆ ನಿನ್ನ ಪೆಟ್ಟಿಗೆಯಲ್ಲಿ ಇರುತ್ತದೆ.

ಕ್ಯಾಶುವಾಲಿಟಿಯಲ್ಲಿ ಡ್ಯೂಟಿ ಡಾಕ್ಟರು ಮೊದಲು ಕೇಳುತ್ತಿದ್ದದ್ದು, "ಕೊನೇ ಸಲ ಇನ್ಸುಲಿನ್ ಹಾಕಿದ್ದು ಯಾವಾಗ?" ಜೊತೆಗೆ ಬಂದ ತಾಯಿಯೋ ಅಜ್ಜಿಯೋ ಕೊಡುತ್ತಿದ್ದ ಉತ್ತರ ಹೆಚ್ಚುಕಡಿಮೆ ಒಂದೇ. "ಎರಡು ದಿನದಿಂದ ಜ್ವರ ಸಾರ್, ಏನೂ ತಿಂದಿಲ್ಲ. ತಿನ್ನದೆ ಸೂಜಿ ಹಾಕಿದ್ರೆ ಶುಗರ್ ಇಳಿದುಹೋಗುತ್ತೆ ಅಂತ ಹಾಕ್ಲಿಲ್ಲ." ಈ ಮಾತಿನಲ್ಲಿ ಅಸಡ್ಡೆಯಿಲ್ಲ. ಶುಗರ್ ಇಳಿದು ಮಗು ಬೆವತು ಕುಸಿದದ್ದನ್ನು ಒಮ್ಮೆ ಕಂಡ ತಾಯಿಗೆ ಆ ಹೆದರಿಕೆ ಜನ್ಮಕ್ಕೆ ಹೋಗುವುದಿಲ್ಲ. ಆದರೆ ಟೈಪ್ 1 ಡಯಾಬಿಟಿಸ್ ಇರುವ ನಿನ್ನಂಥವರ ಮಟ್ಟಿಗೆ ಇದಕ್ಕಿಂತ ಅಪಾಯದ ಲೆಕ್ಕಾಚಾರ ಇನ್ನೊಂದಿಲ್ಲ. ಇನ್ಸುಲಿನ್ ಇರುವುದೇ ಊಟ ಅರಗಿಸುವುದಕ್ಕೆ ಎಂದು ನಮ್ಮ ಜನ ನಂಬಿದ್ದಾರೆ. ಊಟಕ್ಕೂ ಬೇಕು ನಿಜ. ಊಟವೇ ಇಲ್ಲದ ಹೊತ್ತಿನಲ್ಲೂ ಬೇಕು ಎಂಬುದನ್ನು ಅವರಿಗೆ ಯಾರೂ ಕೂರಿಸಿ ಹೇಳಿರುವುದಿಲ್ಲ.

ನಿನಗೆ ಕೂರಿಸಿ ಹೇಳುತ್ತೇನೆ. ನೀನು ಉಪವಾಸವಿದ್ದರೂ ಯಕೃತ್ತು ಹಗಲೂ ರಾತ್ರಿ ರಕ್ತಕ್ಕೆ ಸಕ್ಕರೆ ಬಿಡುತ್ತಲೇ ಇರುತ್ತದೆ, ಏಕೆಂದರೆ ಮಿದುಳಿಗೆ ಅದು ಸದಾ ಬೇಕು. ಅದಕ್ಕೆ ಕಡಿವಾಣ ಹಾಕುವುದು ಇನ್ಸುಲಿನ್. ಮೈಯ ಕೊಬ್ಬು ಒಡೆಯದಂತೆ ತಡೆದಿಡುವುದೂ ಅದೇ. ಅದಕ್ಕೆ ತೀರ ಸ್ವಲ್ಪವೇ ಸಾಕು, ಆದರೆ ಸೊನ್ನೆಯಾಗಬಾರದು. ಸೊನ್ನೆಯಾಯಿತೋ, ರಕ್ತದಲ್ಲಿ ಸಕ್ಕರೆ ತುಂಬಿದ್ದರೂ ಜೀವಕೋಶಗಳಿಗೆ ದಕ್ಕುವುದಿಲ್ಲ. ಕೊಬ್ಬು ಒಡೆಯತೊಡಗುತ್ತದೆ, ಒಡೆದದ್ದು ಯಕೃತ್ತಿಗೆ ಹೋಗಿ ಕೀಟೋನ್ ಆಗುತ್ತದೆ. ಕೀಟೋನ್ ಅಂದರೆ ಆಮ್ಲ. ರಕ್ತದ ಪಿಎಚ್ 7.35ರಿಂದ 7.45ರ ನಡುವೆ ಇರಬೇಕಾದದ್ದು. ಕೀಟೋನ್ ಸೇರಿ ಅದು 7.3ಕ್ಕಿಂತ ಕೆಳಗಿಳಿದರೆ ಡಿಕೆಎ. 7ಕ್ಕಿಂತ ಕೆಳಗಾದರೆ ಐಸಿಯು ಇಲ್ಲದೆ ಗತಿಯಿಲ್ಲ. ಜ್ವರ ಬಂದಾಗ ಇದರ ಮೇಲೆ ಇನ್ನೊಂದು ಸೇರುತ್ತದೆ. ಸೋಂಕನ್ನು ಎದುರಿಸಲು ಮೈ ಕಾರ್ಟಿಸಾಲ್, ಅಡ್ರಿನಲಿನ್, ಗ್ಲುಕಗಾನ್‌ಗಳನ್ನು ಹೆಚ್ಚಾಗಿ ಸುರಿಸುತ್ತದೆ. ಇವೆಲ್ಲ ಇನ್ಸುಲಿನ್ ಮಾಡಿದ ಕೆಲಸವನ್ನು ಕೆಡಿಸುವಂಥವು. ಹಾಗಾಗಿ ಏನೂ ತಿನ್ನದೆ ಮಲಗಿದ ಜ್ವರದ ದಿನ ನಿನಗೆ ಎಂದಿನಷ್ಟೇ ಇನ್ಸುಲಿನ್ ಬೇಕು, ಎಷ್ಟೋ ಸಲ ಎಂದಿಗಿಂತ ಹೆಚ್ಚೇ ಬೇಕು. ಜನ ಸೂಜಿ ನಿಲ್ಲಿಸುವುದು ಸರಿಯಾಗಿ ಅದೇ ದಿನ.

ರಕ್ತದಲ್ಲಿ ತುಂಬಿದ ಸಕ್ಕರೆ ಮೂತ್ರಕ್ಕೆ ಇಳಿಯುವಾಗ ನೀರನ್ನೂ ಸೋಡಿಯಂ, ಪೊಟ್ಯಾಶಿಯಂಗಳನ್ನೂ ಎಳೆದುಕೊಂಡು ಹೋಗುತ್ತದೆ. ದೊಡ್ಡವರೊಬ್ಬರು ಡಿಕೆಎಯಲ್ಲಿ ಆಸ್ಪತ್ರೆ ಮುಟ್ಟುವ ಹೊತ್ತಿಗೆ ಐದಾರು ಲೀಟರ್ ನೀರು ಕಳೆದುಕೊಂಡಿರುವುದುಂಟು. ಕಣ್ಣು ಗುಳಿ ಬಿದ್ದಿರುತ್ತದೆ, ನಾಲಿಗೆ ಅಂಗುಳಕ್ಕೆ ಅಂಟಿರುತ್ತದೆ, ಹೊಟ್ಟೆನೋವು, ವಾಂತಿ. ಉಸಿರು ಆಳವಾಗಿ, ವೇಗವಾಗಿ, ಬಿಡುವಿಲ್ಲದೆ ಏರಿಳಿಯುತ್ತದೆ. ಕೆಮ್ಮಿಲ್ಲ, ಎದೆಯಲ್ಲಿ ಸುಂಯ್‌ಗುಟ್ಟುವ ಸದ್ದಿಲ್ಲ, ಆದರೂ ಆ ಉಸಿರು ನಿಲ್ಲುವುದಿಲ್ಲ. ರಕ್ತದ ಆಮ್ಲವನ್ನು ಇಂಗಾಲದ ಡೈಆಕ್ಸೈಡಿನ ರೂಪದಲ್ಲಿ ಹೊರಗೆ ಹಾಕಲು ಶ್ವಾಸಕೋಶ ಪಡುವ ಪಾಡು ಅದು. 1874ರಲ್ಲಿ ಜರ್ಮನಿಯ ವೈದ್ಯ ಅಡಾಲ್ಫ್ ಕುಸ್ಮಾಲ್ ಇದನ್ನು ವಿವರಿಸಿದರು, ಇಂದಿಗೂ ಡಾಕ್ಟರುಗಳು ಅದನ್ನು ಕುಸ್ಮಾಲ್ ಉಸಿರಾಟ ಅಂತಲೇ ಬರೆಯುತ್ತಾರೆ. ಇನ್ನು ವಾಸನೆ. ಹಾಸಿಗೆ ಸರಿಮಾಡಲು ಬಗ್ಗಿದಾಗ ರೋಗಿಯ ಬಾಯಿಂದ ಕಳಿತು ಹುಳಿಯಾದ ಹಣ್ಣಿನ ವಾಸನೆ ಬರುತ್ತಿತ್ತು. ನೀವು ಹುಡುಗಿಯರು ಉಗುರಿನ ಬಣ್ಣ ಒರೆಸಲು ಬಳಸುವ ದ್ರವದಲ್ಲೂ ಇರುವುದು ಅದೇ ಅಸಿಟೋನ್. ಎಲ್ಲರ ಮೂಗಿಗೂ ಅದು ಹತ್ತುವುದಿಲ್ಲ. ನನ್ನ ಮೂಗಿಗೆ ಹತ್ತುತ್ತಿತ್ತು, ಆ ವಾಸನೆ ಬಂದ ಕೂಡಲೇ ಗ್ಲೂಕೋಮೀಟರ್ ತರಲು ಓಡುತ್ತಿದ್ದೆ.

ಡಿಕೆಎ ಬೇರೆ ಕಾಯಿಲೆಗಳ ವೇಷದಲ್ಲಿ ಬರುತ್ತದೆ ಮಗಳೇ, ಕಷ್ಟ ಅದೇ. ಹೊಟ್ಟೆನೋವು ನೋಡಿ ಅಪೆಂಡಿಕ್ಸ್ ಎಂದು ಸರ್ಜರಿ ವಾರ್ಡಿಗೆ, ಉಸಿರು ನೋಡಿ ಆಸ್ತಮಾ ಎಂದು ನೆಬುಲೈಜರಿಗೆ ಹೋಗಿ ಬಂದವರನ್ನು ಕಂಡಿದ್ದೇನೆ. ಹಳ್ಳಿಯಲ್ಲಿ ವಾಂತಿ, ಸುಸ್ತು ಎಂದು ಹೋದರೆ ಒಂದು ಗ್ಲೂಕೋಸ್ ಬಾಟಲಿ ಏರಿಸಿ ಕಳಿಸುವ ಪದ್ಧತಿ ಇನ್ನೂ ಇದೆ. ಇನ್ಸುಲಿನ್ ಇಲ್ಲದ ಮೈಗೆ ಬರೀ ಗ್ಲೂಕೋಸ್ ಏರಿಸಿದರೆ ಏನಾಗುತ್ತದೆ ಎಂದು ನಿನಗೆ ಬಿಡಿಸಿ ಹೇಳಬೇಕಿಲ್ಲ. ಒಂದು ಗುರುತು ಇಟ್ಟುಕೋ. ಭೇದಿಯಿಲ್ಲದೆ ಬರೀ ವಾಂತಿ ಬರುತ್ತಿದ್ದರೆ, ಕೀಟೋನ್ ಇಲ್ಲವೆಂದು ಕಣ್ಣಾರೆ ನೋಡುವ ತನಕ ಅದನ್ನು ಡಿಕೆಎ ಎಂದೇ ತಿಳಿ.

ನನ್ನ ಮನಸ್ಸಿನಿಂದ ಹೋಗದವಳು ಒಬ್ಬ ಹೊಸ ಮದುಮಗಳು. ಬೇಸಿಗೆಯಲ್ಲಿ ಮದುವೆಯಾಗಿ ಮಳೆಗಾಲದಲ್ಲಿ ನಮ್ಮ ವಾರ್ಡಿಗೆ ಬಂದಳು. ಕೈತುಂಬ ಹಸಿರು ಬಳೆ. ಡ್ರಿಪ್ಪಿಗೆ ನರ ಹುಡುಕಲು ಆ ಬಳೆಗಳನ್ನೆಲ್ಲ ಮೊಣಕೈ ಕಡೆಗೆ ಸರಿಸಿ ಬ್ಯಾಂಡೇಜ್ ಬಟ್ಟೆಯಿಂದ ಕಟ್ಟಿದೆ. ಎರಡು ದಿನದಿಂದ ವಾಂತಿ ಆಗುತ್ತಿತ್ತಂತೆ, ಗಂಡನ ಮನೆಯಲ್ಲಿ ಬಸಿರಿರಬೇಕೆಂದು ಸಂಭ್ರಮ. ಅತ್ತೆ ಉಪ್ಪುನೀರಿನಲ್ಲಿಟ್ಟ ಮಾವಿನಕಾಯಿ ತೆಗೆದುಕೊಟ್ಟಿದ್ದರಂತೆ. ಹುಡುಗಿಗೆ ಮದುವೆಗೆ ಬಹಳ ಮೊದಲೇ ಟೈಪ್ 1 ಇತ್ತು. ತವರಿನವರು ಮುಚ್ಚಿಟ್ಟು ಮದುವೆ ಮಾಡಿದ್ದರು. ಫ್ರಿಜ್ಜು ಇದ್ದದ್ದು ಅತ್ತೆಯ ಕಣ್ಣೆದುರಿನ ಅಡುಗೆಮನೆಯಲ್ಲಿ, ಹಾಗಾಗಿ ಇನ್ಸುಲಿನ್ ಬಾಟಲಿ ಟ್ರಂಕಿನಲ್ಲಿ ಸೀರೆಗಳ ನಡುವೆ ಇರುತ್ತಿತ್ತು. ಮೊದಮೊದಲು ಬಚ್ಚಲಮನೆಯ ಬಾಗಿಲು ಹಾಕಿಕೊಂಡು ಚುಚ್ಚಿಕೊಳ್ಳುತ್ತಿದ್ದಳು. ಸಿರಿಂಜ್ ಎಲ್ಲಿ ಎಸೆಯುವುದು ಎಂಬ ಹೆದರಿಕೆಯಲ್ಲಿ ನಾಲ್ಕು ಹೊತ್ತಿನದು ಒಂದು ಹೊತ್ತಾಯಿತು, ಆಮೇಲೆ ಅದೂ ನಿಂತಿತು. ಮೂತ್ರದ ಕೀಟೋನ್ ಪಟ್ಟಿ ಕಡುನೇರಳೆಗೆ ತಿರುಗಿದ್ದನ್ನು ಹಿಡಿದುಕೊಂಡು ಡಾಕ್ಟರು "ಇವರಿಗೆ ಡಯಾಬಿಟಿಸ್ ಯಾವಾಗಿನಿಂದ?" ಎಂದು ಕೇಳಿದರೆ ಗಂಡ ಕಕ್ಕಾಬಿಕ್ಕಿ. ತಾಯಿ ವಾರ್ಡಿನ ಹೊರಗೆ ಬಾಯಿಗೆ ಸೆರಗು ಒತ್ತಿಕೊಂಡು ನಿಂತಿದ್ದಳು. ಹುಡುಗಿ ಬದುಕಿದಳು. ಕೇಸ್ ಶೀಟಿನಲ್ಲಿ ಕಾರಣ ಇನ್ಸುಲಿನ್ ನಿಲ್ಲಿಸಿದ್ದು ಎಂದು ಬರೆದರು. ನನ್ನ ಪ್ರಕಾರ ಕಾರಣ ಅದಲ್ಲ, ಮುಚ್ಚಿಟ್ಟದ್ದು. ನಿನ್ನ ಮದುವೆಯ ಮಾತು ಬರುವ ಕಾಲಕ್ಕೆ ಮನೆಯಲ್ಲಿ ಯಾರೇ "ಈಗಲೇ ಯಾಕೆ ಹೇಳಬೇಕು" ಅಂದರೂ ನಾನು ಎದ್ದು ನಿಂತು ಹೇಳುತ್ತೇನೆ. ಹೇಳಿದ್ದಕ್ಕೆ ತಪ್ಪಿಹೋಗುವ ಸಂಬಂಧ ತಪ್ಪಿಹೋಗಲಿ.

ನಿನಗೆ ಡಯಾಬಿಟಿಸ್ ಶುರುವಾದಾಗಲೂ ಡಿಕೆಎಯಲ್ಲೇ ಆಸ್ಪತ್ರೆ ಸೇರಿದ್ದು, ನಿನಗೆ ಅಷ್ಟಾಗಿ ನೆನಪಿರಲಿಕ್ಕಿಲ್ಲ. ಅದಕ್ಕೆ ಕೆಲವು ವಾರ ಮೊದಲಿನಿಂದ ನೀನು ರಾತ್ರಿ ಹಾಸಿಗೆ ಒದ್ದೆ ಮಾಡತೊಡಗಿದ್ದೆ. ಒಂಬತ್ತು ವರ್ಷದ ಹುಡುಗಿ ಎಂದು ಎಲ್ಲರಿಗೂ ಬೇಸರ, ನಿನಗೆ ನಾಚಿಕೆ. ಶಾಲೆಯಲ್ಲಿ ಪದೇಪದೇ ಹೊರಗೆ ಹೋಗಲು ಕೇಳುತ್ತಾಳೆಂದು ದೂರು. ಇಟಲಿಯ ಪಾರ್ಮಾ ಎಂಬ ಪ್ರಾಂತದ ಮಕ್ಕಳ ವೈದ್ಯರು 1991ರಲ್ಲಿ ಇಂಥ ಗುರುತುಗಳನ್ನು ಬೇಗ ಹಿಡಿಯಲು ಒಂದು ಸರಳ ಉಪಾಯ ಮಾಡಿದರು. ಇಷ್ಟು ದಿನ ಹಾಸಿಗೆ ಒದ್ದೆ ಮಾಡದ ಮಗು ಈಗ ಮಾಡುತ್ತಿದೆಯೇ, ತುಂಬ ನೀರು ಕುಡಿಯುತ್ತಿದೆಯೇ, ಪದೇಪದೇ ಮೂತ್ರಕ್ಕೆ ಹೋಗುತ್ತಿದೆಯೇ, ಹಾಗಿದ್ದರೆ ಸಕ್ಕರೆ ಪರೀಕ್ಷೆ ಮಾಡಿಸಿ ಎಂಬ ಭಿತ್ತಿಪತ್ರವನ್ನು ಶಾಲೆಗಳಲ್ಲಿ, ಮಕ್ಕಳ ವೈದ್ಯರ ಕೊಠಡಿಗಳಲ್ಲಿ ಅಂಟಿಸಿದರು. ಅದಕ್ಕೆ ಮೊದಲು ಅಲ್ಲಿ ಹೊಸದಾಗಿ ಡಯಾಬಿಟಿಸ್ ಪತ್ತೆಯಾದ ಮಕ್ಕಳಲ್ಲಿ ನೂರಕ್ಕೆ 78 ಮಂದಿ ಡಿಕೆಎಯಲ್ಲಿ ಆಸ್ಪತ್ರೆಗೆ ಬರುತ್ತಿದ್ದರು. ಮುಂದಿನ ಕೆಲವು ವರ್ಷಗಳಲ್ಲಿ ಅದು ನೂರಕ್ಕೆ ಹನ್ನೆರಡೂವರೆಗೆ ಇಳಿಯಿತು. ಹೊಸ ಔಷಧಿಯಿಲ್ಲ, ಹೊಸ ಯಂತ್ರವಿಲ್ಲ, ಗೋಡೆಗೆ ಅಂಟಿಸಿದ ಕಾಗದ. ಅಂತರರಾಷ್ಟ್ರೀಯ ಡಯಾಬಿಟಿಸ್ ಒಕ್ಕೂಟದ 2021ರ ಅಂದಾಜಿನಂತೆ ನಮ್ಮ ದೇಶದಲ್ಲಿ ಇಪ್ಪತ್ತು ವರ್ಷದೊಳಗಿನ ಟೈಪ್ 1 ಮಕ್ಕಳು ಎರಡು ಲಕ್ಷಕ್ಕೂ ಹೆಚ್ಚು, ಜಗತ್ತಿನ ಬೇರೆ ಯಾವ ದೇಶದಲ್ಲೂ ಇಷ್ಟಿಲ್ಲ. ನಮ್ಮ ಪ್ರತಿ ಸರಕಾರಿ ಶಾಲೆಯ ಗೋಡೆಯ ಮೇಲೂ ಅಂಥದೊಂದು ಕಾಗದ ಕನ್ನಡದಲ್ಲಿ ಇರಬೇಕೆಂದು ನನ್ನ ಆಸೆ. ನಿನ್ನ ಹಳೇ ಶಾಲೆಗೆ ನೀನೇ ಒಂದು ಬರೆದು ಕೊಟ್ಟು ಹೋಗು, ನಾನು ಹೆಡ್‌ಮಾಸ್ಟರ ಹತ್ತಿರ ಮಾತಾಡುತ್ತೇನೆ.

ಈಗ ನೀನು ಹೋಗುವ ಊರಿನ ವಿಷಯ. ಸಾಗರದ ಮಳೆಯಲ್ಲಿ ಬೆಳೆದ ನಿನಗೆ ಕಲಬುರಗಿಯ ಏಪ್ರಿಲ್ ತಿಂಗಳು ಹೇಗಿರುತ್ತದೆಂದು ಗೊತ್ತಿಲ್ಲ. ಬಿಸಿಲು 40 ಡಿಗ್ರಿ ದಾಟುತ್ತದೆ. ಬಳಸುತ್ತಿರುವ ಇನ್ಸುಲಿನ್ ಪೆನ್ನು 30 ಡಿಗ್ರಿಗಿಂತ ಕೆಳಗಿದ್ದರೆ ಮಾತ್ರ ಸುಮಾರು 28 ದಿನ ಕೆಡದೆ ಇರುತ್ತದೆ. ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿಯಲ್ಲಿ ಇರಬೇಕು. ಹಾಸ್ಟೆಲ್ ಕೋಣೆಯಲ್ಲಿ ಫ್ರಿಜ್ಜು ಇರುವುದಿಲ್ಲ. ವಾರ್ಡನ್ ಮನೆಯದೋ, ಮೆಸ್ಸಿನದೋ ಫ್ರಿಜ್ಜಿನಲ್ಲಿ ಒಂದು ಡಬ್ಬಿಗೆ ಜಾಗ ಕೇಳಿಕೋ, ಹೆಸರು ಬರೆದು ಬಾಗಿಲಿನ ಹಲಗೆಯಲ್ಲಿಡು. ಫ್ರೀಜರಿನ ಹತ್ತಿರ ಬೇಡ, ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಮತ್ತೆ ಕರಗಿದರೂ ಪ್ರಯೋಜನವಿಲ್ಲ. ಕೋಣೆಯಲ್ಲಿ ಇಡಲು ಎರಡು ಮಣ್ಣಿನ ಮಡಕೆ ತೆಗೆದುಕೋ. ದೊಡ್ಡದರಲ್ಲಿ ಒದ್ದೆ ಮರಳು ಹಾಕಿ, ಅದರ ನಡುವೆ ಚಿಕ್ಕದನ್ನು ಕೂರಿಸಿ, ಪೆನ್ನನ್ನು ನೀರು ತಾಗದ ಡಬ್ಬಿಯಲ್ಲಿ ಹಾಕಿ ಅದರೊಳಗಿಡು. ಬಾಯಿಗೆ ಒದ್ದೆ ಬಟ್ಟೆ ಮುಚ್ಚು. ಬಸ್ಸಿನಲ್ಲಿ ಹೋಗುವಾಗ ಇನ್ಸುಲಿನ್ ನಿನ್ನ ಹೆಗಲ ಚೀಲದಲ್ಲಿರಲಿ, ಡಿಕ್ಕಿಗೆ ಹಾಕುವ ಸೂಟ್‌ಕೇಸಿನಲ್ಲಿ ಬೇಡ. ಬಿಸಿಲಿಗೆ ಕೆಟ್ಟ ಇನ್ಸುಲಿನ್ ಕಣ್ಣಿಗೆ ಗೊತ್ತಾಗುವುದಿಲ್ಲ, ಮೊದಲಿನಷ್ಟೇ ತಿಳಿಯಾಗಿ ಕಾಣಬಹುದು. ಹೊತ್ತು ಹೊತ್ತಿಗೆ ಚುಚ್ಚಿಕೊಂಡೂ ಡಿಕೆಎಗೆ ಜಾರುವವರಲ್ಲಿ ಇಂಥ ಕೆಟ್ಟ ಇನ್ಸುಲಿನ್ ಬಳಸಿದವರಿದ್ದಾರೆ. ಕಾರಣವಿಲ್ಲದೆ ಎರಡು ಮೂರು ಸಲ ಶುಗರ್ ಏರಿಯೇ ಇದ್ದರೆ ಡೋಸಿನ ಬಗ್ಗೆ ಯೋಚಿಸುವ ಮೊದಲು ಹೊಸ ಪೆನ್ನು ತೆಗೆ. ಚುಚ್ಚುವ ಜಾಗವನ್ನೂ ಮುಟ್ಟಿ ನೋಡು. ಅದೇ ಜಾಗದಲ್ಲಿ ದಿನಾ ಚುಚ್ಚಿ ಗಂಟು ಕಟ್ಟಿದ್ದರೆ ಅಲ್ಲಿಂದ ಮೈ ಇನ್ಸುಲಿನ್ನನ್ನು ಸರಿಯಾಗಿ ಹೀರಿಕೊಳ್ಳುವುದಿಲ್ಲ. ನೋವಾಗುವುದಿಲ್ಲವೆಂದು ಆ ಗಂಟಿಗೇ ಚುಚ್ಚುವ ಅಭ್ಯಾಸ ನಿನಗೂ ಇದೆ ಎಂದು ನಿನ್ನ ಅಮ್ಮ ಹೇಳಿದಳು, ಬಿಟ್ಟುಬಿಡು.

ಪೆನ್ನು ಕೆಟ್ಟು ಸಿರಿಂಜ್ ಹಿಡಿಯುವ ದಿನ ಬಂದರೆ ಮುಚ್ಚಳದ ಬಣ್ಣ ನೋಡು. ನಮ್ಮಲ್ಲಿ ಬಾಟಲಿಗಳು ಎರಡು ಬಗೆ, ಒಂದು ಮಿಲಿಲೀಟರಿನಲ್ಲಿ 40 ಯೂನಿಟ್ ಇರುವುದು, 100 ಯೂನಿಟ್ ಇರುವುದು. 40ಕ್ಕೆ ಕೆಂಪು ಮುಚ್ಚಳದ ಸಿರಿಂಜ್, 100ಕ್ಕೆ ಕಿತ್ತಳೆ ಮುಚ್ಚಳದ್ದು. 40ರ ಬಾಟಲಿಯಿಂದ ಕಿತ್ತಳೆ ಸಿರಿಂಜಿನಲ್ಲಿ ಹತ್ತು ಯೂನಿಟ್ ಎಳೆದರೆ ಮೈಗೆ ಹೋಗುವುದು ನಾಲ್ಕೇ ಯೂನಿಟ್. ತಿರುಗುಮುರುಗಾದರೆ ಎರಡೂವರೆ ಪಟ್ಟು ಹೋಗಿ ಶುಗರ್ ಕುಸಿಯುತ್ತದೆ.

ಇನ್ನೊಂದು ವಿಷಯವನ್ನು ಹೇಗೆ ಬರೆಯಲಿ ಎಂದು ಸ್ವಲ್ಪ ಹೊತ್ತು ಯೋಚಿಸಿದೆ. ನೇರವಾಗಿಯೇ ಬರೆಯುತ್ತೇನೆ. ಇನ್ಸುಲಿನ್ ಕಡಿಮೆ ಮಾಡಿದರೆ ತೂಕ ಇಳಿಯುತ್ತದೆ ಎಂಬುದು ನಿನ್ನ ವಯಸ್ಸಿನ ಹುಡುಗಿಯರಿಗೆ ಬೇಗ ಗೊತ್ತಾಗುತ್ತದೆ. ತಿಂದದ್ದೆಲ್ಲ ಮೂತ್ರದಲ್ಲಿ ಹೋದರೆ, ಮೈಯ ಕೊಬ್ಬೂ ಸ್ನಾಯುವೂ ಕರಗಿದರೆ ತೂಕ ಇಳಿಯದೆ ಇನ್ನೇನು? ಕಾಲೇಜಿನಲ್ಲಿ ಯಾರೋ ನಿನ್ನ ಮೈಕಟ್ಟಿನ ಬಗ್ಗೆ ಒಂದು ಮಾತು ಆಡುತ್ತಾರೆ, ನೀನು ಊಟದ ಮುಂಚಿನ ಒಂದು ಸೂಜಿ ಬಿಡುತ್ತೀ, ಯಾರಿಗೂ ಗೊತ್ತಾಗುವುದಿಲ್ಲ, ಏನೂ ಆಗುವುದಿಲ್ಲ. ಆಮೇಲೆ ಒಂದು ಶೀತ ಜ್ವರ ಬರುತ್ತದೆ, ಅಲ್ಲಿಗೆ ಮುಗಿಯಿತು. ಪದೇಪದೇ ಡಿಕೆಎಯಲ್ಲಿ ಬರುವ ಹುಡುಗಿಯರಲ್ಲಿ ಎಷ್ಟೋ ಮಂದಿಯ ಹಿಂದೆ ಇರುವುದು ಇದೇ. ಬೇಜಾರು ಎಂಬುದು ಇನ್ನೊಂದು. ದಿನಾ ಚುಚ್ಚು, ದಿನಾ ನೋಡು, ರಜೆಯೆಂಬುದೇ ಇಲ್ಲ. ಒಂದು ದಿನ ಸಾಕಪ್ಪ ಸಾಕು ಅನ್ನಿಸುತ್ತದೆ. ಅನ್ನಿಸಲೇಬೇಕು, ಅದರಲ್ಲಿ ತಪ್ಪಿಲ್ಲ. ಎರಡನೇ ಸಲ, ಮೂರನೇ ಸಲ ಬಂದವರನ್ನು ಕ್ಯಾಶುವಾಲಿಟಿಯಲ್ಲಿ "ಮತ್ತೆ ಬಂದ್ಯಾ?" ಎಂದು ಗದರುವುದನ್ನು ಕೇಳಿದ್ದೇನೆ. ಆ ಗದರಿಕೆಯಿಂದ ಯಾರೂ ಸರಿಹೋದದ್ದನ್ನು ನಾನು ನೋಡಿಲ್ಲ, ಮುಂದಿನ ಸಲ ಇನ್ನೂ ತಡವಾಗಿ ಬರುತ್ತಾರೆ ಅಷ್ಟೇ. ನಿನಗೆ ಹಾಗನ್ನಿಸಿದ ದಿನ ನನಗೆ ಫೋನ್ ಮಾಡು. ಬೈಯುವುದಿಲ್ಲ, ಉಪದೇಶವನ್ನೂ ಮಾಡುವುದಿಲ್ಲ. ಆ ದಿನದ ಮಟ್ಟಿಗೆ ಊಟದ ಲೆಕ್ಕ ತಪ್ಪಿದರೂ ಸರಿ, ಊಟವಿಲ್ಲದ ಹೊತ್ತಿಗೂ ಬೇಕಾದ ರಾತ್ರಿಯ ಬೇಸಲ್ ಇನ್ಸುಲಿನ್ ಒಂದನ್ನು ಮಾತ್ರ ಹಾಕಿಕೊಂಡು ಮಲಗು ಎಂದಷ್ಟೇ ಹೇಳುತ್ತೇನೆ.

ಮೂರು ತಿಂಗಳಲ್ಲಿ ಇನ್ಸುಲಿನ್ ಬಿಡಿಸುತ್ತೇವೆ ಎನ್ನುವ ನಾಟಿ ಔಷಧಿಯ ಜಾಹೀರಾತು ನಿನ್ನ ಮೊಬೈಲಿಗೂ ಬರುತ್ತದೆ, ನಿನ್ನ ಅಜ್ಜಿ ಯಾರದೋ ಮಾತು ಕೇಳಿ ಬೇರು, ಪುಡಿಯನ್ನೂ ಕಳಿಸಿಯಾರು. ಪುಡಿ ಕುಡಿದು ಸೂಜಿ ಬಿಟ್ಟವರನ್ನು ನಮ್ಮ ವಾರ್ಡಿನಲ್ಲಿ ನಾವು ಅಪರೂಪಕ್ಕೆ ನೋಡಿದ್ದಲ್ಲ. ಇನ್ಸುಲಿನ್ ಇಲ್ಲದ ಕಾಲದಲ್ಲಿ ಈ ಕಾಯಿಲೆಯ ಮಕ್ಕಳನ್ನು ದೊಡ್ಡ ದೊಡ್ಡ ವೈದ್ಯರು ಅರೆಹೊಟ್ಟೆಯಲ್ಲಿಟ್ಟು ಇನ್ನಷ್ಟು ಕಾಲ ಬದುಕಿಸುತ್ತಿದ್ದರು, ಅದಕ್ಕಿಂತ ಹೆಚ್ಚು ಯಾರ ಕೈಲೂ ಆಗುತ್ತಿರಲಿಲ್ಲ. 1922ರ ಜನವರಿ 11ರಂದು ಟೊರಾಂಟೋದಲ್ಲಿ ಲೆನಾರ್ಡ್ ಥಾಂಪ್ಸನ್ ಎಂಬ ಹದಿನಾಲ್ಕರ ಹುಡುಗನಿಗೆ ಮೊದಲ ಇನ್ಸುಲಿನ್ ಕೊಟ್ಟಾಗ ಅವನ ತೂಕ 30 ಕಿಲೋ ಕೂಡ ಇರಲಿಲ್ಲ. ಆ ಮೊದಲ ಔಷಧಿ ಸಾಕಷ್ಟು ಶುದ್ಧವಾಗಿರಲಿಲ್ಲ. ಕಾಲಿಪ್ ಎಂಬ ವಿಜ್ಞಾನಿ ಶುದ್ಧಗೊಳಿಸಿದ್ದನ್ನು 23ರಂದು ಕೊಟ್ಟಾಗ ಸಕ್ಕರೆ ಇಳಿಯಿತು, ಮೂತ್ರದ ಕೀಟೋನ್ ಮಾಯವಾಯಿತು. ಹುಡುಗ ಆಮೇಲೆ ಹದಿಮೂರು ವರ್ಷ ಬದುಕಿದ. ಕೊನೆಗೆ ಅವನನ್ನು ಒಯ್ದದ್ದು ನ್ಯುಮೋನಿಯಾ. ಸೋಂಕು ಎಂದರೆ ಸಕ್ಕರೆ ಕಾಯಿಲೆಯವರಿಗೆ ಅಂದಿಗೂ ಇಂದಿಗೂ ಹೆದರಬೇಕಾದದ್ದೇ. ನ್ಯುಮೋನಿಯಾ, ಮೂತ್ರದ ಸೋಂಕು, ಹಲ್ಲಿನ ಕೀವು, ಕಾಲಿನ ಗಾಯ, ಯಾವುದೇ ಬಂದರೂ ಎರಡು ದಿನ ನೋಡೋಣ ಎಂದು ಕೂರಬೇಡ.

ನಿನ್ನ ಅಪ್ಪನಿಗೂ ಒಂದು ಮಾತು ಮುಟ್ಟಿಸು. ಅವರದು ಟೈಪ್ 2, ಡಪಾಗ್ಲಿಫ್ಲೋಜಿನ್ ಮಾತ್ರೆ ನುಂಗುತ್ತಾರೆ. ಒಳ್ಳೆಯ ಮಾತ್ರೆಯೇ, ಹೃದಯಕ್ಕೂ ಮೂತ್ರಪಿಂಡಕ್ಕೂ ಒಳ್ಳೆಯದು. ಆದರೆ ಆ ಜಾತಿಯ ಮಾತ್ರೆ ತೆಗೆದುಕೊಳ್ಳುವವರಲ್ಲಿ ಶುಗರ್ 200ರ ಒಳಗಿದ್ದೂ ಡಿಕೆಎ ಆಗಬಹುದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2015ರಲ್ಲೇ ಈ ಎಚ್ಚರಿಕೆ ಕೊಟ್ಟಿತು. ವಾಂತಿಯಾಗಿ ಊಟ ನಿಂತಾಗ, ಕಟ್ಟುನಿಟ್ಟಿನ ಉಪವಾಸ ಮಾಡುವಾಗ ಡಾಕ್ಟರನ್ನು ಕೇಳಿ ಅದನ್ನು ನಿಲ್ಲಿಸಬೇಕು. ಆಪರೇಷನ್ ಇದ್ದರೆ ಮೂರು ದಿನ ಮೊದಲೇ ನಿಲ್ಲಿಸಬೇಕು. ಅವರು ಶಿವರಾತ್ರಿಗೆ ನೀರನ್ನೂ ಮುಟ್ಟದೆ ಕೂರುವವರು, ಅದಕ್ಕೇ ಹೇಳಿದೆ. ನೀನಂತೂ ಅವರ ಮಾತ್ರೆಯನ್ನು ಶುಗರ್ ಇಳಿಯುತ್ತದೆಂದು ಎಂದೂ ಬಾಯಿಗೆ ಹಾಕಬೇಡ.

ಜ್ವರ ಬಂದ ದಿನ ಏನು ಮಾಡಬೇಕೆಂದು ನಿನ್ನ ಡಾಕ್ಟರು ಬರೆದುಕೊಟ್ಟ ಚೀಟಿ ಇದೆಯಲ್ಲ, ಅದನ್ನು ಪೆನ್ನಿನ ಪೌಚಿನಲ್ಲೇ ಇಡು. ಬೇಸಲ್ ನಿಲ್ಲಿಸುವ ಮಾತೇ ಇಲ್ಲ. ಎರಡು ಮೂರು ಗಂಟೆಗೊಮ್ಮೆ ಶುಗರ್ ನೋಡು, ರಾತ್ರಿ ಅಲಾರಂ ಇಟ್ಟುಕೊಂಡಾದರೂ ಸರಿ. 250 ದಾಟಿದರೆ, ವಾಂತಿಯಾದರೆ ಕೀಟೋನ್ ನೋಡು. ರಕ್ತದ ಕೀಟೋನ್ 0.6ರ ಒಳಗಿದ್ದರೆ ನಿಶ್ಚಿಂತೆ, 1.5 ದಾಟಿದರೆ ಡಾಕ್ಟರಿಗೆ ಫೋನ್, 3 ಮುಟ್ಟಿದರೆ ಆಸ್ಪತ್ರೆಗೆ ಆಟೋ ಹತ್ತು. ಮೂತ್ರದ ಪಟ್ಟಿಯಾದರೆ ಡಬ್ಬಿಯ ಮುಚ್ಚಳ ಗಟ್ಟಿಯಾಗಿ ಹಾಕು, ತೇವ ತಾಗಿದ ಪಟ್ಟಿ ಸುಳ್ಳು ಹೇಳುತ್ತದೆ. ಶುಗರ್ ಏರಿದ್ದಾಗ ನೀರು, ಉಪ್ಪು ಹಾಕಿದ ತಿಳಿಮಜ್ಜಿಗೆ, ತಿಳಿಸಾರು ಸ್ವಲ್ಪಸ್ವಲ್ಪವಾಗಿ ಕುಡಿಯುತ್ತಿರು. ಶುಗರ್ ಸಾಧಾರಣವಿದ್ದು ಕೀಟೋನ್ ಇದ್ದರೆ ಗಂಜಿಯೋ ಹಣ್ಣಿನ ರಸವೋ ಹೊಟ್ಟೆಗೆ ಹೋಗಬೇಕು, ಅದರ ಜೊತೆ ಇನ್ಸುಲಿನ್ ಹೋಗಬೇಕು, ಆಗಲೇ ಕೀಟೋನ್ ಇಳಿಯುವುದು. ಹೆಚ್ಚಿನ ಡೋಸ್ ಎಷ್ಟೆಂಬುದು ಚೀಟಿಯಲ್ಲಿದೆ, ಅಂದಾಜಿನಲ್ಲಿ ಹಾಕಿಕೊಳ್ಳಬೇಡ. ಕುಡಿದ ನೀರು ಹೊಟ್ಟೆಯಲ್ಲಿ ನಿಲ್ಲದಿದ್ದರೆ, ಉಸಿರು ಏರಿದರೆ, ಮಂಪರು ಕವಿದರೆ ಮನೆಮದ್ದಿನ ಹೊತ್ತು ಮೀರಿತು.

ಅಷ್ಟೆಲ್ಲ ಜಾಗ್ರತೆ ಮಾಡಿಯೂ ಒಂದು ದಿನ ಅಡ್ಮಿಟ್ ಆಗಬೇಕಾಗಿ ಬರಬಹುದು. ಹೆದರಬೇಡ. ಸೌಕರ್ಯವಿರುವ ಆಸ್ಪತ್ರೆಗೆ ಹೊತ್ತಿಗೆ ಸರಿಯಾಗಿ ಮುಟ್ಟಿದರೆ ನಿನ್ನ ವಯಸ್ಸಿನವರು ಇದರಿಂದ ಸಾಯುವುದು ನೂರರಲ್ಲಿ ಒಬ್ಬರಿಗಿಂತಲೂ ಕಡಿಮೆ. ಮೊದಲು ಸಲೈನ್ ಏರಿಸುತ್ತಾರೆ. ರಕ್ತದ ಪೊಟ್ಯಾಶಿಯಂ ನೋಡುತ್ತಾರೆ, ತೀರ ಕಡಿಮೆಯಿದ್ದರೆ ಅದನ್ನು ತುಂಬಿದ ಮೇಲೆಯೇ ಇನ್ಸುಲಿನ್, ಇಲ್ಲದಿದ್ದರೆ ಹೃದಯದ ಬಡಿತಕ್ಕೆ ಅಪಾಯ. ಆಮೇಲೆ ಸಿರಿಂಜ್ ಪಂಪಿನಲ್ಲಿ ಗಂಟೆಗಿಷ್ಟೆಂದು ಇನ್ಸುಲಿನ್ ಹನಿಯುತ್ತದೆ, ಗಂಟೆಗೊಮ್ಮೆ ನಿನ್ನ ಬೆರಳು ಚುಚ್ಚುತ್ತಾರೆ. ಸಕ್ಕರೆ 250ರ ಹತ್ತಿರ ಇಳಿದಾಗ ಸಿಸ್ಟರ್ ಗ್ಲೂಕೋಸ್ ಬಾಟಲಿ ತಂದು ನೇತುಹಾಕುತ್ತಾಳೆ. ಆ ಹೊತ್ತಿಗೆ ಜೊತೆಗಿದ್ದವರು ಜಗಳಕ್ಕೇ ಬರುತ್ತಿದ್ದರು, ಸಕ್ಕರೆ ಕಾಯಿಲೆಯವರಿಗೆ ಸಕ್ಕರೆ ನೀರು ಏರಿಸುತ್ತೀರಲ್ಲ ಎಂದು. ಸಕ್ಕರೆ ಇಳಿದರೂ ಆಮ್ಲ ಇನ್ನೂ ಇಳಿದಿರುವುದಿಲ್ಲ. ಅದು ಇಳಿಯುವವರೆಗೆ ಇನ್ಸುಲಿನ್ ನಿಲ್ಲಿಸುವಂತಿಲ್ಲ, ನಿಲ್ಲಿಸದಿರಬೇಕಾದರೆ ಜೊತೆಗೆ ಗ್ಲೂಕೋಸ್ ಕೊಡಲೇಬೇಕು. ನಿನ್ನ ಅಮ್ಮ ಅಲ್ಲಿದ್ದರೆ ಅವಳೂ ಖಂಡಿತ ಗಲಾಟೆ ಮಾಡುತ್ತಾಳೆ, ಈ ಸಾಲುಗಳನ್ನು ಅವಳಿಗೆ ಈಗಲೇ ಓದಿ ಹೇಳು.

ಹಾಸ್ಟೆಲ್ ಸೇರಿದ ಮೊದಲ ದಿನವೇ ರೂಮ್‌ಮೇಟ್ ಹುಡುಗಿಯನ್ನು ಕೂರಿಸಿಕೊಂಡು ಎಲ್ಲ ಹೇಳು. ನಿನಗೆ ಟೈಪ್ 1 ಇದೆ, ಬೆವತು ನಡುಗಿದರೆ ಸಕ್ಕರೆ ಕೊಡಬೇಕು, ವಾಂತಿ ಮಾಡುತ್ತ ಏದುಸಿರು ಬಿಡುತ್ತಿದ್ದರೆ ಕಾಯದೆ ಆಸ್ಪತ್ರೆಗೆ ಕರೆದೊಯ್ಯಬೇಕು, ಇಲ್ಲವೇ 108ಕ್ಕೆ ಫೋನ್ ಮಾಡಬೇಕು, ಅಲ್ಲಿ ಬಾಯಿಬಿಟ್ಟ ಕೂಡಲೇ "ಇವಳಿಗೆ ಟೈಪ್ 1 ಡಯಾಬಿಟಿಸ್, ಕೀಟೋನ್ ನೋಡಿ" ಅನ್ನಬೇಕು. ಆ ಹುಡುಗಿಯ ಫೋನ್ ನಂಬರನ್ನು ನನಗೆ ಕಳಿಸು, ನನ್ನದನ್ನು ಅವಳಿಗೆ ಕೊಡು. ಪೆನ್ನು ತೆರೆದ ದಿನಾಂಕವನ್ನು ಅದರ ಮೇಲೆ ಬರೆಯಲು ಒಂದು ಮಾರ್ಕರ್ ಈ ಲಕೋಟೆಯ ಜೊತೆ ಇಟ್ಟಿದ್ದೇನೆ. ಕೀಟೋನ್ ಪಟ್ಟಿಯ ಹೊಸ ಡಬ್ಬಿ ನಿನ್ನ ಅಮ್ಮನ ಕೈಲಿ ಕಳಿಸುತ್ತೇನೆ. ನಡುರಾತ್ರಿಯಾದರೂ ಸರಿ, ಜ್ವರ ಬಂದು ಸೂಜಿ ಹಾಕಲೋ ಬೇಡವೋ ಎಂದು ಅನುಮಾನ ಬಂದರೆ, ಬಿಡುವ ಮೊದಲು ನನಗೆ ಫೋನ್ ಮಾಡು.

ಇಂತಿ,
ನಿನ್ನ ಪ್ರೀತಿಯ ದೊಡ್ಡಮ್ಮ